ಸೀಲಿಂಗ್ ಮುಚ್ಚುವ ಮುನ್ನ: ಕ್ಯಾಸೆಟ್ ಎ.ಸಿ.ಯ ಸುರಕ್ಷಿತ ಅಳವಡಿಕೆ ಮತ್ತು ವೈರಿಂಗ್

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂಬ ಮಾತು ನಮ್ಮ ಬಯಲುಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಅದಾಗಿ ಎರಡು ವಾರ ಕಳೆಯುವಷ್ಟರಲ್ಲಿ ದಾವಣಗೆರೆಯ ಮಂಡಿಪೇಟೆ, ಅಶೋಕ ರಸ್ತೆಗಳ ಅಂಗಡಿಗಳಲ್ಲಿಯೂ ವಿದ್ಯಾನಗರದ ಕೋಚಿಂಗ್ ತರಗತಿಗಳಲ್ಲಿಯೂ ಚಿತ್ರದುರ್ಗದ ಬಿ.ಡಿ. ರಸ್ತೆಯ ಹೋಟೆಲುಗಳಲ್ಲಿಯೂ ಏಣಿಗಳು ಮೇಲೇಳುತ್ತವೆ. ಯುಗಾದಿಯೊಳಗೆ ಎ.ಸಿ. ಕೂರಬೇಕು ಎಂಬುದು ಮಾಲೀಕರ ಅವಸರ. ಸೀಲಿಂಗ್‌ನ ನಡುವೆ ಚೌಕವಾಗಿ ಕುಳಿತು ನಾಲ್ಕೂ ಕಡೆಗೆ ತಂಗಾಳಿ ಬೀಸುವ ಕ್ಯಾಸೆಟ್ ಎ.ಸಿ.ಯನ್ನು ಆರಿಸಿಕೊಂಡವರಿಗೆ ಈ ಅವಸರ ಉಳಿದವರಿಗಿಂತ ದುಬಾರಿಯಾಗುತ್ತದೆ. ಏಕೆಂದರೆ ಈ ಯಂತ್ರದಲ್ಲಿ ತಪ್ಪಾಗಬಹುದಾದದ್ದೆಲ್ಲ ಫಾಲ್ಸ್ ಸೀಲಿಂಗ್‌ನ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತದೆ. ಜಿಪ್ಸಮ್ ಹಲಗೆ ಮುಚ್ಚಿ ಬಣ್ಣ ಬಳಿದ ಮೇಲೆ ಅದನ್ನು ನೋಡಲು ಯಾರಿಗೂ ಮನಸ್ಸಾಗುವುದಿಲ್ಲ. ಆದ್ದರಿಂದ ಸೀಲಿಂಗ್ ಮುಚ್ಚುವ ಮುನ್ನ ಮೇಲೆ ಏನೇನು ನಡೆಯಬೇಕು, ಅದರಲ್ಲಿ ಯಾವುದು ನೀರಿಗೆ, ಯಾವುದು ಬೆಂಕಿಗೆ, ಯಾವುದು ವಿದ್ಯುದಾಘಾತಕ್ಕೆ ಸಂಬಂಧಿಸಿದ್ದು ಎಂಬುದನ್ನು ಹಣ ಕೊಡುವವರೂ ತಿಳಿದಿರಬೇಕು.

ಓದಿದವರೆಲ್ಲ ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತಲಿ ಎಂಬುದು ಈ ಲೇಖನದ ಉದ್ದೇಶವಲ್ಲ. ವೈರಿಂಗ್‌ನ ಕೆಲಸವನ್ನು ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಯಂತ್ರದ ಗ್ಯಾಸ್ ಮತ್ತು ಪೈಪಿನ ಕೆಲಸವನ್ನು ಆ ಕಂಪನಿಯ ತರಬೇತಿ ಪಡೆದ ತಂತ್ರಜ್ಞರು ಮಾಡಬೇಕು. ಸಾಮಾನ್ಯವಾಗಿ ಒಂದೇ ತಂಡ ಎರಡನ್ನೂ ಮಾಡಿ ಮುಗಿಸುತ್ತದೆ. ತೊಂದರೆ ಹುಟ್ಟುವುದೂ ಹೆಚ್ಚಾಗಿ ಅಲ್ಲಿಯೇ: ಪೈಪಿನ ಕೆಲಸದಲ್ಲಿ ಪಳಗಿದವರು ವೈರಿಂಗನ್ನು ಕೊನೆಯ ಅರ್ಧ ಗಂಟೆಗೆ ಬಿಟ್ಟಿರುತ್ತಾರೆ.

ಮೊದಲು ಯಂತ್ರದ ಅಳತೆ. ಎ.ಸಿ.ಯ ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಉಷ್ಣವನ್ನು ಹೊರಹಾಕುವ ಶಕ್ತಿ. ಚಿಕ್ಕ ಕ್ಯಾಸೆಟ್‌ಗಳನ್ನು ಎರಡಡಿ ಚೌಕದ ಸೀಲಿಂಗ್ ಟೈಲ್‌ನ ಜಾಗದಲ್ಲಿ ಕೂರುವಂತೆ ಮಾಡಿರುತ್ತಾರೆ. ಎರಡು ಟನ್ ದಾಟಿದ ಯಂತ್ರಗಳ ಮೈ ಸಾಮಾನ್ಯವಾಗಿ 84 ಸೆಂ.ಮೀ. ಚೌಕವಿದ್ದು, ಕೆಳಗಿನ ಪ್ಯಾನೆಲ್ 95 ಸೆಂ.ಮೀ. ಚೌಕವಾಗಿರುತ್ತದೆ. ಯಂತ್ರದ ಎತ್ತರ 25ರಿಂದ 30 ಸೆಂ.ಮೀ. ಇರುವುದರಿಂದ ಛಾವಣಿಗೂ ಫಾಲ್ಸ್ ಸೀಲಿಂಗ್‌ಗೂ ನಡುವೆ ಅದಕ್ಕಿಂತ ಕೆಲವು ಸೆಂ.ಮೀ. ಹೆಚ್ಚು ತೆರವು ಬೇಕು. ಸೀಲಿಂಗ್ ಕೆಲಸದವರು ಮೊದಲು ಬಂದು ಹೋಗಿ, ಎ.ಸಿ.ಯವರು ಆಮೇಲೆ ಬಂದರೆ ಈ ತೆರವು ಎಂದೂ ಸಾಲುವುದಿಲ್ಲ. ಇಬ್ಬರನ್ನೂ ಒಂದೇ ದಿನ ಎದುರುಬದುರು ನಿಲ್ಲಿಸಿ ಮಾತಾಡಿಸುವುದು ಮಾಲೀಕರು ಮಾಡಬಹುದಾದ ಅತ್ಯಂತ ಅಗ್ಗದ ಸುರಕ್ಷತಾ ಕ್ರಮ.

ದೊಡ್ಡ ಕ್ಯಾಸೆಟ್‌ನ ತೂಕ ಪ್ಯಾನೆಲ್ ಸೇರಿ 35-40 ಕೆ.ಜಿ. ಆಗುತ್ತದೆ. ಈ ಭಾರದಲ್ಲಿ ಒಂದು ಗ್ರಾಂ ಕೂಡ ಫಾಲ್ಸ್ ಸೀಲಿಂಗ್‌ನ ಚೌಕಟ್ಟಿನ ಮೇಲೆ ಬೀಳಬಾರದು. ಆ ಚೌಕಟ್ಟು ತನ್ನ ಹಲಗೆಗಳನ್ನು ಹೊರಲಿಕ್ಕಷ್ಟೇ ಇರುವಂಥದ್ದು. ಯಂತ್ರವನ್ನು ನಾಲ್ಕು ಮೂಲೆಗಳಲ್ಲಿ 10 ಮಿ.ಮೀ. ಥ್ರೆಡ್ ರಾಡ್‌ಗಳಿಂದ ನೇರವಾಗಿ ಕಾಂಕ್ರೀಟ್ ಛಾವಣಿಗೆ ತೂಗುಹಾಕಬೇಕು. ರಾಡ್‌ಗಳು ಛಾವಣಿಯಲ್ಲಿ ಕೂರಿಸಿದ ಆ್ಯಂಕರ್ ಫಾಸ್ಟನರ್‌ಗಳನ್ನು ಹಿಡಿದಿರುತ್ತವೆ, ಯಂತ್ರದ ಕಿವಿಯ ಕೆಳಗೆ ವಾಷರ್ ಮತ್ತು ಎರಡು ನಟ್‌ಗಳು ಇರುತ್ತವೆ. ಎರಡನೆಯ ನಟ್ ಮೊದಲನೆಯದನ್ನು ಬೀಗದಂತೆ ಬಿಗಿಹಿಡಿಯುತ್ತದೆ. ಫ್ಯಾನಿನ ಸಣ್ಣ ಕಂಪನ ವರ್ಷಗಟ್ಟಲೆ ನಡೆದರೆ ಒಂಟಿ ನಟ್ ತಾನಾಗಿಯೇ ಸಡಿಲವಾಗಬಹುದು. ರಂಧ್ರ ಕೊರೆಯುವಾಗ ಛಾವಣಿಯೊಳಗಿನ ಲೈಟ್ ಪಾಯಿಂಟಿನ ಪೈಪುಗಳೂ ಕಬ್ಬಿಣದ ಸರಳುಗಳೂ ಎಲ್ಲಿವೆ ಎಂದು ನೋಡಿಕೊಳ್ಳಬೇಕು. ಡ್ರಿಲ್ಲಿನ ಬಿಟ್ ಸರಳಿಗೆ ತಾಗಿತೆಂದು ಅರ್ಧ ಆಳದಲ್ಲೇ ಆ್ಯಂಕರ್ ಬಡಿದು ಬಿಡುವುದು ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ, ಬೇರೆ ಜಾಗದಲ್ಲಿ ಕೊರೆಯಲು ಹೇಳಬೇಕು.

ಛಾವಣಿ ಕಾಂಕ್ರೀಟಿನದೇ ಆಗಿರಬೇಕೆಂದಿಲ್ಲವಲ್ಲ. ಎರಡೂ ಊರುಗಳ ಹಳೆಯ ಪೇಟೆಗಳಲ್ಲಿ ತೊಲೆಯ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದ್ರಾಸ್ ತಾರಸಿಗಳೂ ಚಪ್ಪಡಿ ಕಲ್ಲು ಹಾಸಿದ ಮಾಳಿಗೆಗಳೂ ಇನ್ನೂ ಇವೆ, ಗೋದಾಮುಗಳಿಗೆ ತಗಡಿನ ಹೊದಿಕೆ ಇದೆ. ಗಾರೆಯಲ್ಲಿ ಆ್ಯಂಕರ್ ಹಿಡಿಯುವುದಿಲ್ಲ. ಚಪ್ಪಡಿಯನ್ನು ಕೊರೆದರೆ ಅದು ಬಿರಿಯಬಹುದು, ಅದೂ ಅಂದೇ ಅಲ್ಲ, ಮುಂದೊಂದು ದಿನ. ಇಂಥ ಕಡೆ ಗೋಡೆಯಿಂದ ಗೋಡೆಗೆ, ಅಥವಾ ಗಟ್ಟಿಯಾದ ತೊಲೆಯಿಂದ ತೊಲೆಗೆ ಕಬ್ಬಿಣದ ಚಾನೆಲ್ ಹಾಯಿಸಿ ಯಂತ್ರವನ್ನು ಅದಕ್ಕೆ ತೂಗುಹಾಕಬೇಕು. ಗೋಡೆಯ ಎ.ಸಿ. ಸಾಕು ಎಂದು ನಿರ್ಧರಿಸುವುದೂ ಕೆಲವು ಕಟ್ಟಡಗಳಲ್ಲಿ ಬುದ್ಧಿವಂತಿಕೆಯೇ.

ತೂಗುಹಾಕಿದ ಯಂತ್ರ ಸಮತಟ್ಟಾಗಿರಬೇಕು. ರಸಮಟ್ಟವನ್ನು ನಾಲ್ಕೂ ಅಂಚುಗಳ ಮೇಲೆ ಇಟ್ಟು ನೋಡಬೇಕು, ಇಲ್ಲವೇ ಗಾರೆ ಕೆಲಸದವರು ಬಳಸುವ ನೀರು ತುಂಬಿದ ಟ್ಯೂಬಿನಿಂದ ನಾಲ್ಕೂ ಮೂಲೆಗಳ ಮಟ್ಟ ತೆಗೆಯಬೇಕು. ಇದು ಅಂದಕ್ಕಾಗಿ ಮಾಡುವುದಲ್ಲ. ತಣ್ಣನೆಯ ಕಾಯಿಲ್‌ನ ಮೇಲೆ ಗಾಳಿಯ ತೇವ ಹನಿಗಟ್ಟಿ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಆ ತಟ್ಟೆಯ ಒಂದು ಮೂಲೆಯಲ್ಲಿ ನೀರೆತ್ತುವ ಪುಟ್ಟ ಪಂಪೂ ನೀರಿನ ಮಟ್ಟ ಹಿಡಿಯುವ ಫ್ಲೋಟ್ ಸ್ವಿಚ್ಚೂ ಇರುತ್ತವೆ. ಯಂತ್ರ ಪಂಪಿನ ವಿರುದ್ಧ ದಿಕ್ಕಿಗೆ ವಾಲಿದ್ದರೆ ನೀರು ಆ ಕಡೆ ತುಂಬಿ ಸೀಲಿಂಗ್‌ಗೆ ಚೆಲ್ಲುತ್ತದೆ, ಪಂಪಿಗೂ ಫ್ಲೋಟಿಗೂ ಅದು ಗೊತ್ತೇ ಆಗುವುದಿಲ್ಲ. ಪಂಪು ಹಲವು ಮಾದರಿಗಳಲ್ಲಿ ಸುಮಾರು 75 ಸೆಂ.ಮೀ.ವರೆಗೆ ನೀರನ್ನು ಎತ್ತಬಲ್ಲದು, ನಿಖರವಾದ ಅಳತೆ ಯಂತ್ರದ ಕೈಪಿಡಿಯಲ್ಲಿರುತ್ತದೆ. ಡ್ರೈನ್ ಪೈಪನ್ನು ಯಂತ್ರದ ಪಕ್ಕದಲ್ಲೇ ನೇರವಾಗಿ ಮೇಲೆತ್ತಿ, ಅಲ್ಲಿಂದ ಮುಂದಕ್ಕೆ ಪ್ರತಿ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರಿನಲ್ಲಿ ಒಯ್ಯಬೇಕು. ಮೀಟರು, ಒಂದೂವರೆ ಮೀಟರಿಗೊಂದು ಆಸರೆ ಇಲ್ಲದಿದ್ದರೆ ಪಿವಿಸಿ ಪೈಪು ಜೋತುಬಿದ್ದು ನಡುವೆ ನೀರು ನಿಲ್ಲುತ್ತದೆ. ಈ ಪೈಪಿಗೂ ಫೋಮ್ ಹೊದಿಕೆ ಬೇಕು, ಏಕೆಂದರೆ ಒಳಗೆ ಹರಿಯುವ ತಣ್ಣೀರಿನಿಂದ ಅದರ ಹೊರಮೈಯೂ ಬೆವರುತ್ತದೆ. ಶೌಚಾಲಯದ ಕೊಳವೆಗೆ ಇದನ್ನು ನೇರವಾಗಿ ಜೋಡಿಸಿದರೆ ಅಲ್ಲಿನ ವಾಸನೆ ಹಿಮ್ಮುಖವಾಗಿ ಬಂದು ಕೋಣೆಗೆಲ್ಲ ಹರಡುತ್ತದೆ.

ಇಲ್ಲಿ ನಮ್ಮ ಹವೆಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ದಾವಣಗೆರೆಯ ಗಾಳಿ ಹಪ್ಪಳದಷ್ಟು ಒಣಗಿರುತ್ತದೆ. ಹೊಸ ಯಂತ್ರ ದಿನವಿಡೀ ಓಡಿದರೂ ತಟ್ಟೆಗೆ ಇಳಿಯುವ ನೀರು ಅಷ್ಟಕ್ಕಷ್ಟೆ. ಇಳಿಜಾರು ತಪ್ಪಿದ ಪೈಪೂ ಅಷ್ಟು ನೀರನ್ನು ಹೇಗೋ ನಿಭಾಯಿಸಿಬಿಡುತ್ತದೆ. ಜೂನ್‌ನಲ್ಲಿ ಗಾಳಿ ತೇವಗೊಂಡು, ಅಂಗಡಿಯ ತುಂಬ ಜನ ಸೇರಿದ ದಿನ ಅದೇ ತಟ್ಟೆ ಉಕ್ಕುತ್ತದೆ. ನಾನು ಕಂಡ ಒಂದು ಬಟ್ಟೆ ಅಂಗಡಿಯಲ್ಲಿ ಯುಗಾದಿಯಿಂದ ಮಳೆಗಾಲದವರೆಗೆ ಹೊಗಳಿಸಿಕೊಂಡ ಕ್ಯಾಸೆಟ್ ಆಷಾಢದ ರಿಯಾಯಿತಿ ಮಾರಾಟದ ನಡುವೆ ರೇಷ್ಮೆ ಸೀರೆಗಳ ಮೇಲೆ ತೊಟ್ಟಿಕ್ಕಿತು. ಕೂರಿಸಿದವರು ‘ಮೂರು ತಿಂಗಳು ಸರಿಯಾಗಿತ್ತಲ್ಲ’ ಎಂದು ವಾದಿಸಿದರು. ಅವರು ಹೇಳಿದ್ದು ಸುಳ್ಳೇನಲ್ಲ, ಆ ಮೂರು ತಿಂಗಳಲ್ಲಿ ಪೈಪಿಗೆ ಕೆಲಸವೇ ಬಿದ್ದಿರಲಿಲ್ಲ ಅಷ್ಟೆ. ಆದ್ದರಿಂದ ಸೀಲಿಂಗ್ ಮುಚ್ಚುವ ಮುನ್ನ ಯಂತ್ರದ ಪರೀಕ್ಷಾ ಕಿಂಡಿಯ ಮೂಲಕ ಒಂದೆರಡು ಲೀಟರ್ ನೀರನ್ನು ನಿಧಾನವಾಗಿ ತಟ್ಟೆಗೆ ಸುರಿಸಿ, ಪಂಪು ಓಡುವುದನ್ನೂ ಪೈಪಿನ ಇನ್ನೊಂದು ತುದಿಯಲ್ಲಿ ನೀರು ಬರುವುದನ್ನೂ ಕಣ್ಣಾರೆ ನೋಡಬೇಕು. ವಿದ್ಯುತ್ ಪೆಟ್ಟಿಗೆಯ ಮೇಲೆ ನೀರು ಸಿಡಿಯದಂತೆ ಎಚ್ಚರವಿರಲಿ. ಫ್ಲೋಟನ್ನು ಎತ್ತಿದಾಗ ಯಂತ್ರ ತಂಪು ಮಾಡುವುದನ್ನು ನಿಲ್ಲಿಸುತ್ತದೆಯೇ ಎಂಬುದನ್ನೂ ಅಂದೇ ನೋಡಿಬಿಡಬೇಕು.

ತಾಮ್ರದ ಪೈಪುಗಳ ವಿಷಯದಲ್ಲಿ ಓದುಗರು ಗಮನಿಸಬೇಕಾದದ್ದು ಸ್ವಲ್ಪವೇ, ಆದರೆ ಅದರಲ್ಲಿ ಜೀವಕ್ಕೆ ಅಪಾಯ ತರುವ ತಪ್ಪುಗಳೂ ಇವೆ. ಪೈಪು ಜೋಡಿಸಿದ ಮೇಲೆ ಸೋರಿಕೆ ಪರೀಕ್ಷೆಗೆ ಒಣ ನೈಟ್ರೋಜನ್ ಮಾತ್ರ ತುಂಬಬೇಕು. ವೆಲ್ಡಿಂಗ್‌ಗೆಂದು ತಂದ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆಯೆಂದು ಅದನ್ನೇ ತುಂಬಿದರೆ, ಒತ್ತಡದ ಆಕ್ಸಿಜನ್ನು ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸ್ಫೋಟಿಸಬಹುದು. ಪರೀಕ್ಷೆಯ ಒತ್ತಡವನ್ನು ಕೈಪಿಡಿ ಹೇಳುತ್ತದೆ. ಆರ್-32, ಆರ್-410ಎ ಎಂಬ ತಂಪುಕಾರಕ ಅನಿಲಗಳನ್ನು ಬಳಸುವ ಈಗಿನ ಯಂತ್ರಗಳಲ್ಲಿ ಅದು ಸುಮಾರು 600 ಪಿಎಸ್‌ಐವರೆಗೆ ಇರುತ್ತದೆ. ರಾತ್ರಿಯಿಡೀ ಒತ್ತಡ ಹಿಡಿದಿಡುವಾಗ ಒಂದು ಲೆಕ್ಕ ನೆನಪಿರಲಿ: 38 ಡಿಗ್ರಿ ಬಿಸಿಲಿನಲ್ಲಿ 600 ತೋರಿಸಿದ ಮೀಟರು, ಬೆಳಗಿನ ಜಾವ 22 ಡಿಗ್ರಿಗೆ ಇಳಿದಾಗ ಸೋರಿಕೆಯೇ ಇಲ್ಲದಿದ್ದರೂ 30 ಪಿಎಸ್‌ಐಗಳಷ್ಟು ಕಡಿಮೆ ತೋರಿಸುತ್ತದೆ. ಅನಿಲ ತಣಿದರೆ ಒತ್ತಡ ಇಳಿಯುವುದು ಸಹಜ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಮಾತ್ರ ಸೋಪಿನ ನೊರೆ ಹಚ್ಚಿ ಜಾಯಿಂಟುಗಳನ್ನು ಹುಡುಕಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನ್‌ನವರೆಗೆ (ಇಲ್ಲಿ ಮೈಕ್ರಾನ್ ಎಂದರೆ ನಿರ್ವಾತದ ಅಳತೆ) ಗಾಳಿಯನ್ನೂ ತೇವವನ್ನೂ ಹೀರಿ ತೆಗೆಯಬೇಕು. ‘ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸುತ್ತೇವೆ’ ಎನ್ನುವವರಿಗೆ ಒಪ್ಪಿಗೆ ಕೊಡಬಾರದು. ಆರ್-32 ಮಂದವಾಗಿಯಾದರೂ ಉರಿಯಬಲ್ಲ ಅನಿಲ, ಬೆಂಕಿಗೆ ಸಿಕ್ಕರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವನ್ನೂ ಹುಟ್ಟಿಸುತ್ತದೆ. ಕಟ್ಟಿಗೆ ಒಲೆಯ ಮೇಲೆ ಬೆಣ್ಣೆ ದೋಸೆ ಹಾಕುವ ಹೋಟೆಲಿನಲ್ಲಿ ಒಲೆ ಉರಿಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಗ್ಯಾಸಿನ ಕೆಲಸ ನಡೆಸುವಂತಿಲ್ಲ ಎಂಬುದಕ್ಕೆ ಇಷ್ಟು ಕಾರಣ ಸಾಕು.

ಇನ್ನು ವೈರಿಂಗ್. ಮೂರು ಟನ್ನಿನ ಒಂದು ಕ್ಯಾಸೆಟ್ಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಹೊರಹಾಕುವ ಉಷ್ಣ ಸುಮಾರು 10.5 ಕಿಲೋವ್ಯಾಟ್, ಅದಕ್ಕಾಗಿ ಎಳೆಯುವ ವಿದ್ಯುತ್ತು ಸುಮಾರು 3.5 ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. ಸಿಂಗಲ್ ಫೇಸ್ 230 ವೋಲ್ಟ್‌ನಲ್ಲಿ, ಪವರ್ ಫ್ಯಾಕ್ಟರ್ 0.9 ಎಂದು ಹಿಡಿದರೆ ಇದು ಸುಮಾರು 17 ಆಂಪಿಯರ್. ಅದೇ ಶಕ್ತಿಯ ಯಂತ್ರ 415 ವೋಲ್ಟ್‌ನ ತ್ರೀ ಫೇಸ್ ಆಗಿದ್ದರೆ ಪ್ರತಿ ಫೇಸಿಗೆ ಐದೂವರೆ ಆಂಪಿಯರ್ ಮಾತ್ರ. ಬೇಸಿಗೆಯ ಸಂಜೆ ವೋಲ್ಟೇಜು 200ಕ್ಕೆ ಕುಸಿದರೆ ಸಿಂಗಲ್ ಫೇಸ್ ಯಂತ್ರದ ಕರೆಂಟು 19 ಆಂಪಿಯರ್ ದಾಟುತ್ತದೆ. ಇಷ್ಟು ಕರೆಂಟನ್ನು 16 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದ ಪ್ಲಗ್ಗಿನಿಂದ ಎಳೆಯುವ ಮಾತೇ ಇಲ್ಲ. ಅದಕ್ಕೆ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದಲೇ ಪ್ರತ್ಯೇಕ ಸರ್ಕ್ಯೂಟ್ ಬೇಕು, ಬೇರೆ ಯಾವ ಲೈಟೂ ಫ್ಯಾನೂ ಅದರ ಮೇಲೆ ಇರಬಾರದು. ಕಟ್ಟಡದ ಮಂಜೂರಾದ ಲೋಡ್ ಈ ಹೊಸ ಹೊರೆಗೆ ಸಾಲದಿದ್ದರೆ ಯಂತ್ರ ಬರುವ ಮೊದಲೇ ಬೆಸ್ಕಾಂ ಕಚೇರಿಯಲ್ಲಿ ಅದನ್ನು ಹೆಚ್ಚಿಸಿಕೊಳ್ಳಬೇಕು.

ವೈರಿನ ಗಾತ್ರವನ್ನು ಕರೆಂಟು ಒಂದರಿಂದಲೇ ನಿರ್ಧರಿಸಲಾಗದು, ದೂರವೂ ಶಾಖವೂ ಲೆಕ್ಕಕ್ಕೆ ಬರುತ್ತವೆ. ಬೋರ್ಡಿನಿಂದ ಯಂತ್ರಕ್ಕೆ 25 ಮೀಟರ್ ದೂರವಿದೆ ಎನ್ನೋಣ. 2.5 ಚದರ ಮಿ.ಮೀ. ತಾಮ್ರದ ವೈರಿನ ರೋಧ ಕಿಲೋಮೀಟರಿಗೆ ಸುಮಾರು 8 ಓಮ್. ಹೋಗಿ ಬರುವ 50 ಮೀಟರಿನಲ್ಲಿ 17 ಆಂಪಿಯರ್ ಹರಿದಾಗ ಸುಮಾರು 7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ವೈರು ಬಿಸಿಯಾದಂತೆ ಈ ನಷ್ಟ ಇನ್ನೂ ಹೆಚ್ಚುತ್ತದೆ. 4 ಚದರ ಮಿ.ಮೀ. ವೈರಿನಲ್ಲಿ ಅದು ನಾಲ್ಕು ವೋಲ್ಟ್ ಚಿಲ್ಲರೆಗೆ ಇಳಿಯುತ್ತದೆ. ಇದಕ್ಕೆ ಛಾವಣಿಯ ಶಾಖವನ್ನು ಸೇರಿಸಿಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಕಾದ ಕಾಂಕ್ರೀಟಿಗೂ ಫಾಲ್ಸ್ ಸೀಲಿಂಗ್‌ಗೂ ನಡುವೆ ಸಿಕ್ಕಿಕೊಂಡ ಗಾಳಿ ಕೋಣೆಯ ಗಾಳಿಯಂತೆ ತಂಪಾಗಿರುವುದಿಲ್ಲ. 30 ಡಿಗ್ರಿಗೆಂದು ಲೆಕ್ಕ ಹಾಕಿದ ಪಿವಿಸಿ ವೈರಿನ ಸಾಮರ್ಥ್ಯ 45 ಡಿಗ್ರಿಯಲ್ಲಿ ಐದನೇ ಒಂದು ಪಾಲು ಕುಗ್ಗುತ್ತದೆ. ಹೀಗಾಗಿ ಈ ಉದಾಹರಣೆಯ ಯಂತ್ರಕ್ಕೆ 4 ಚದರ ಮಿ.ಮೀ. ತಾಮ್ರ, ಅದನ್ನು ಕಾಯಲು 25 ಆಂಪಿಯರ್‌ನ ‘ಸಿ’ ಬಗೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿಯೇ ಬೀಳುವ ಸ್ವಿಚ್ಚು) ಎಂಬುದು ಸಮಂಜಸವಾದ ಆಯ್ಕೆ. ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು ವೈರನ್ನು ಹಾಗೆಯೇ ಬಿಟ್ಟು 32 ಆಂಪಿಯರ್‌ನದನ್ನು ಹಾಕುವವರಿದ್ದಾರೆ. ಎಂಸಿಬಿ ಕಾಯುವುದು ಮೊದಲಿಗೆ ವೈರನ್ನು ಎಂಬುದನ್ನು ಅವರು ಮರೆತಿರುತ್ತಾರೆ, ಹಾಗೆ ಬದಲಿಸಿದ ದಿನದಿಂದ ಆ ವೈರಿಗೆ ಕಾವಲುಗಾರನೇ ಇಲ್ಲದಂತಾಗುತ್ತದೆ.

ಬೆಂಕಿ ಹತ್ತಿಕೊಳ್ಳುವ ಜಾಗ ವೈರಿನ ನಡುವಿಗಿಂತ ಅದರ ತುದಿಯೇ ಆಗಿರುವುದು ಹೆಚ್ಚು. ಸಡಿಲವಾದ ಒಂದು ಟರ್ಮಿನಲ್ಲಿನಲ್ಲಿ ಓಮ್‌ನ ಹತ್ತನೇ ಒಂದು ಭಾಗದಷ್ಟು ರೋಧವಿದ್ದರೆ, 17 ಆಂಪಿಯರ್ ಹರಿಯುವಾಗ ಆ ಒಂದು ಚುಕ್ಕೆಯಲ್ಲಿ 29 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಸೀಲಿಂಗ್‌ನ ಮೇಲೆ, ಫೋಮ್ ಹೊದಿಕೆಯ ಪಕ್ಕದಲ್ಲಿ, ಗಂಟೆಗಟ್ಟಲೆ ಒಂದು ಬೆಸುಗೆ ಕಡ್ಡಿಯನ್ನು ಉರಿಸಿಟ್ಟ ಹಾಗೆ ಅದು. ಎಂಸಿಬಿಗೆ ಇದು ತಿಳಿಯುವುದಿಲ್ಲ, ಅದರ ಪಾಲಿಗೆ ಕರೆಂಟು 17 ಆಂಪಿಯರ್ ಮಾತ್ರ. ಆದ್ದರಿಂದ ಬಹು ಎಳೆಯ ವೈರುಗಳ ತುದಿಗೆ ಲಗ್ ಹಾಕಿ ಒತ್ತಿ, ಟರ್ಮಿನಲ್ ಸ್ಕ್ರೂವನ್ನು ಬಿಗಿಮಾಡಿ, ಪ್ರತಿ ವೈರನ್ನೂ ಕೈಯಿಂದ ಎಳೆದು ನೋಡಬೇಕು. ಎಳೆತದ ಭಾರ ಟರ್ಮಿನಲ್ಲಿನ ಮೇಲೆ ಬೀಳದಂತೆ ಪೆಟ್ಟಿಗೆಯೊಳಗಿನ ಕ್ಲ್ಯಾಂಪು ಕೇಬಲನ್ನು ಹಿಡಿದಿರಬೇಕು. ಸೀಲಿಂಗ್‌ನ ಮೇಲೆ ವೈರನ್ನು ತಿರುಚಿ ಇನ್ಸುಲೇಷನ್ ಟೇಪು ಸುತ್ತಿದ ಒಂದೇ ಒಂದು ಜಾಯಿಂಟು ಕಂಡರೂ ಅದನ್ನು ತೆಗೆಸಿ, ಬೋರ್ಡಿನಿಂದ ಯಂತ್ರದವರೆಗೆ ಇಡೀ ವೈರನ್ನು ಹೊಸದಾಗಿ ಹಾಕಿಸಬೇಕು.

ಒಳಗಿನ ಯಂತ್ರಕ್ಕೂ ತಾರಸಿಯ ಔಟ್‌ಡೋರ್ ಯೂನಿಟ್ಟಿಗೂ ನಡುವಿನ ಕೇಬಲಿನ ಸ್ವಭಾವ ಬೇರೆ. ಅದರಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ಅಲ್ಲದೆ ಎರಡು ಯಂತ್ರಗಳು ಪರಸ್ಪರ ಮಾತಾಡಿಕೊಳ್ಳುವ ಸಿಗ್ನಲ್ ವೈರೂ ಇರುತ್ತದೆ. ಹಲವು ಯಂತ್ರಗಳಲ್ಲಿ ಈ ಸಿಗ್ನಲ್ ನ್ಯೂಟ್ರಲ್ಲನ್ನೇ ಆಧಾರವಾಗಿ ಬಳಸಿಕೊಳ್ಳುವುದರಿಂದ ಒಂದು ತುದಿಯಲ್ಲಿ ಫೇಸೂ ನ್ಯೂಟ್ರಲ್ಲೂ ಅದಲುಬದಲಾದರೆ ಯಂತ್ರ ದೋಷದ ಸಂಕೇತ ತೋರಿಸಿ ನಿಲ್ಲುತ್ತದೆ. ಸಿಗ್ನಲ್ಲಿಗೆ 230 ವೋಲ್ಟ್ ಹೊಕ್ಕರಂತೂ ಎಲೆಕ್ಟ್ರಾನಿಕ್ ಬೋರ್ಡೇ ಸುಟ್ಟುಹೋಗಬಹುದು. ಬಣ್ಣಗಳನ್ನು ನಂಬಿ ಜೋಡಿಸದೆ ಎರಡೂ ತುದಿಗಳಲ್ಲಿ ಅಂಕಿಯ ಗುರುತು ಹಾಕಿ, ಮುಚ್ಚಳದ ಒಳಮೈಗೆ ಅಂಟಿಸಿರುವ ನಕ್ಷೆಯಂತೆ ಜೋಡಿಸಬೇಕು. ಸಿಗ್ನಲ್ಲಿಗೆ ಬೇರೆಯದೇ ಶೀಲ್ಡ್ ಕೇಬಲ್ ಕೇಳುವ ದೊಡ್ಡ ಯಂತ್ರಗಳಲ್ಲಿ ಅದನ್ನು ಪವರ್ ಕೇಬಲಿನೊಡನೆ ಒಂದೇ ಪೈಪಿನಲ್ಲಿ ಒಯ್ಯಬಾರದು.

ತಾರಸಿಯ ಮೇಲೆ, ಔಟ್‌ಡೋರ್ ಯೂನಿಟ್ಟಿನ ಕಣ್ಣಳತೆಯಲ್ಲೇ, ಅದಕ್ಕೆ ಬರುವ ವಿದ್ಯುತ್ತನ್ನು ಪೂರ್ತಿ ಕಡಿಯುವ ಒಂದು ಐಸೊಲೇಟರ್ ಸ್ವಿಚ್ ಇರಬೇಕು. ಕೆಳಗೆ ಬೋರ್ಡಿನಲ್ಲಿ ಎಂಸಿಬಿ ಆರಿಸಿ, ಮೇಲೆ ಹೋಗಿ ಮುಚ್ಚಳ ಬಿಚ್ಚಿದ ಹೊತ್ತಿಗೆ ಅಂಗಡಿಯ ಹುಡುಗ ‘ಎ.ಸಿ. ಆಫ್ ಆಗಿದೆ’ ಎಂದು ಅದನ್ನು ಮತ್ತೆ ಎತ್ತಿಬಿಡುವ ಸಾಧ್ಯತೆ ಎಲ್ಲ ಕಡೆಯೂ ಇದೆ. ಐಸೊಲೇಟರ್ ಆರಿಸಿದರೂ ಕೂಡಲೇ ಕೈಹಾಕುವಂತಿಲ್ಲ. ಇನ್ವರ್ಟರ್ ಯಂತ್ರದ, ಅಂದರೆ ಕಂಪ್ರೆಸರಿನ ವೇಗವನ್ನು ಬೇಕಾದಂತೆ ಬದಲಿಸುವ ಎ.ಸಿ.ಯ, ಕೆಪಾಸಿಟರುಗಳಲ್ಲಿ 230 ವೋಲ್ಟಿನ ಶಿಖರಕ್ಕೆ ಸಮನಾದ ಸುಮಾರು 325 ವೋಲ್ಟ್ ನೇರ ವಿದ್ಯುತ್ತು, ತ್ರೀ ಫೇಸ್ ಯಂತ್ರದಲ್ಲಾದರೆ 580 ವೋಲ್ಟಿಗೂ ಮಿಗಿಲು, ಸ್ವಲ್ಪ ಹೊತ್ತು ಉಳಿದಿರುತ್ತದೆ. ಕೈಪಿಡಿ ಹೇಳಿದಷ್ಟು ನಿಮಿಷ ಕಾದು, ಮಲ್ಟಿಮೀಟರಿನಿಂದ ಅಳೆದು, ಆಮೇಲೆ ಮುಟ್ಟಬೇಕು. ಬೆಳಗುವ ಟೆಸ್ಟರ್ ಈ ಅಳತೆಗೆ ನಂಬಿಕೆಯ ಸಾಧನವಲ್ಲ. ಅಲ್ಯೂಮಿನಿಯಂ ಏಣಿ ಹಗುರವೆಂದು ಎಲ್ಲರಿಗೂ ಇಷ್ಟ, ಆದರೆ ವಿದ್ಯುತ್ ಕೆಲಸಕ್ಕೆ ಫೈಬರ್ ಅಥವಾ ಮರದ ಏಣಿಯೇ ಸರಿ.

ಈ ಎರಡು ಊರುಗಳಲ್ಲಿ ಅರ್ಥಿಂಗ್‌ನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಇವುಗಳ ನೆಲದ ಗುಣವೇ ಬೇರೆ ಬೇರೆ. ದಾವಣಗೆರೆಯ ಸುತ್ತಲಿನ ಎರೆ ಮಣ್ಣು ಮಳೆಗಾಲದಲ್ಲಿ ವಿದ್ಯುತ್ತಿಗೆ ಒಳ್ಳೆಯ ದಾರಿ ಕೊಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ, ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಾಗೆ ಕುಗ್ಗುವಾಗ ಅರ್ಥ್ ಪೈಪನ್ನು ಹಿಡಿದಿದ್ದ ಮಣ್ಣು ಅದರಿಂದ ದೂರ ಸರಿಯುತ್ತದೆ. ಚಿತ್ರದುರ್ಗದ ಕೋಟೆಯ ಆಸುಪಾಸಿನಲ್ಲಾದರೆ ಸಮಸ್ಯೆ ಬಂಡೆಯದು. ಅರ್ಥಿಂಗ್‌ನ ಭಾರತೀಯ ಮಾನಕ ಐಎಸ್ 3043ರಂತೆ ಎರಡೂವರೆ ಮೀಟರ್ ಪೈಪು ಇಳಿಸಬೇಕು, ಆದರೆ ಒಂದು ಮೀಟರಿಗೇ ಕಲ್ಲು ಸಿಗುತ್ತದೆ. ಕೂಲಿಯವರು ಪೈಪನ್ನು ಅಲ್ಲಿಗೇ ಕತ್ತರಿಸಿ ಮಣ್ಣು ಮುಚ್ಚಿದರೆ ಮೇಲಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡೋಣ. ಕಟ್ಟಡದ ಅರ್ಥ್ ಪಿಟ್ಟಿನ ರೋಧ 30 ಓಮ್ ಇದೆ, ಯಂತ್ರದೊಳಗೆ ಫೇಸ್ ವೈರಿನ ಹೊದಿಕೆ ಹರಿದು ಲೋಹದ ಮೈಗೆ ತಾಗಿದೆ ಎಂದುಕೊಳ್ಳಿ. ಭೂಮಿಗೆ ಹರಿಯುವ ಕರೆಂಟು 230ನ್ನು 30ರಿಂದ ಭಾಗಿಸಿದಷ್ಟು, ಅಂದರೆ ಎಂಟು ಆಂಪಿಯರಿಗೂ ಕಡಿಮೆ. 25 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಕ್ಷಣದಲ್ಲಿ ಬೀಳಲು ‘ಸಿ’ ಬಗೆಯ ಎಂಸಿಬಿಗೆ ತನ್ನ ಅಂಕಿಯ ಐದರಿಂದ ಹತ್ತು ಪಟ್ಟು ಕರೆಂಟು ಬೇಕು. ಯಂತ್ರ ಓಡುತ್ತಲೇ ಇರುತ್ತದೆ, ಅದರ ಮೈ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ಇರುತ್ತದೆ. ಸೀಲಿಂಗ್‌ನ ಎತ್ತರದಲ್ಲಿರುವ ಯಂತ್ರವನ್ನು ಯಾರು ಮುಟ್ಟುತ್ತಾರೆ ಎಂದು ಕೇಳಬಹುದು. ಅದಕ್ಕೆ ತಾಗಿರುವ ಸೀಲಿಂಗ್‌ನ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಚೌಕಟ್ಟು, ತಾಮ್ರದ ಪೈಪಿನ ಮೂಲಕ ಸೇರಿಕೊಂಡ ಔಟ್‌ಡೋರ್ ಯೂನಿಟ್ಟು, ಅದರ ಸ್ಟ್ಯಾಂಡಿಗೆ ಕಟ್ಟಿದ ಬಟ್ಟೆ ಒಣಹಾಕುವ ತಂತಿ, ಇವೆಲ್ಲವೂ ಆಗ ಅದೇ ವೋಲ್ಟೇಜಿನಲ್ಲಿರುತ್ತವೆ.

ಇಲ್ಲಿ ಜೀವ ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್ಲಿನಲ್ಲಿ ಮರಳಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ, ಆ ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕೊರತೆ ಬಿದ್ದರೆ ಸಂಪರ್ಕ ಕಡಿಯುತ್ತದೆ. ಅರ್ಥ್ ರೋಧ 100 ಓಮ್‌ಗೆ ಏರಿದ್ದರೂ ಅಷ್ಟು ಸಣ್ಣ ಕರೆಂಟಿಗೆ ಯಂತ್ರದ ಮೈಮೇಲೆ ಏಳುವುದು ಬರೀ 3 ವೋಲ್ಟ್. ಬಂಡೆಯ ನೆಲದಲ್ಲಿ ಆರ್‌ಸಿಸಿಬಿಯನ್ನು ಐಚ್ಛಿಕ ಎಂದು ಭಾವಿಸುವುದು ತಪ್ಪೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಇನ್ವರ್ಟರ್ ಯಂತ್ರಗಳ ಸೋರಿಕೆ ಕರೆಂಟು ಶುದ್ಧ ಎ.ಸಿ. ಅಲೆಯಂತಿರುವುದಿಲ್ಲವಾದ್ದರಿಂದ ‘ಎಸಿ’ ಬಗೆಯದಕ್ಕಿಂತ ‘ಎ’ ಬಗೆಯ ಆರ್‌ಸಿಸಿಬಿ ಒಳ್ಳೆಯದು. ತ್ರೀ ಫೇಸ್ ಇನ್ವರ್ಟರ್ ಯಂತ್ರಕ್ಕೆ ತಯಾರಕರು ಹೇಳಿದ ಬಗೆಯನ್ನೇ ತರಿಸಬೇಕು. ಹಾಗೆಂದು ಅರ್ಥಿಂಗ್ ಬೇಡವೆಂದಲ್ಲ. ಅರ್ಥ್ ವೈರು ಇಲ್ಲದ ಯಂತ್ರದಲ್ಲಿ ಕೊರತೆಯ ಆ 30 ಮಿಲಿಆಂಪಿಯರ್ ಹರಿಯಲು ಮೊದಲು ಸಿಗುವ ದಾರಿ ಮನುಷ್ಯನ ಮೈಯೇ. 16 ಚದರ ಮಿ.ಮೀ.ವರೆಗೆ ಅರ್ಥ್ ವೈರು ಫೇಸ್ ವೈರಿನಷ್ಟೇ ದಪ್ಪವಿರಬೇಕು. ಬಂಡೆ ಸಿಕ್ಕ ಕಡೆ ಒಂದು ಪಿಟ್ಟಿನ ಬದಲು ದೂರ ದೂರದಲ್ಲಿ ಎರಡು ಮೂರನ್ನು ತೋಡಿ ಒಂದಕ್ಕೊಂದು ಸೇರಿಸಬೇಕು, ಇಲ್ಲವೇ ಮಣ್ಣು ಇರುವ ದಿಕ್ಕಿಗೆ ಜಿ.ಐ. ಪಟ್ಟಿಯನ್ನು ಅಡ್ಡಲಾಗಿ ಹೂಳಬೇಕು.

ಅರ್ಥ್ ರೋಧವನ್ನು ಅಳೆಯಬೇಕಾದದ್ದು ಬೇಸಿಗೆಯಲ್ಲಿ, ನೆಲ ಅತ್ಯಂತ ಒಣಗಿದಾಗ. ಡ್ರೈನಿನ ತಪ್ಪನ್ನು ಮುಚ್ಚಿಡುವ ಏಪ್ರಿಲ್ ತಿಂಗಳೇ ಅರ್ಥಿಂಗ್‌ನ ತಪ್ಪನ್ನು ಬಯಲು ಮಾಡುತ್ತದೆ. ಎ.ಸಿ.ಯ ಡ್ರೈನ್ ನೀರನ್ನು ಅರ್ಥ್ ಪಿಟ್ಟಿಗೆ ಬಿಡುವ ಜಾಣತನವೂ ಕೆಲವರದು. ತಪ್ಪೇನಿಲ್ಲ, ಆದರೆ ಪಿಟ್ಟಿಗೆ ನೀರು ಬೇಕಾದ ತಿಂಗಳಲ್ಲೇ ಯಂತ್ರ ನೀರು ಕೊಡುವುದು ಕಡಿಮೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರನ್ನು ಕೈಯಾರೆ ಸುರಿಯುವುದಕ್ಕೆ ಅದು ಬದಲಿಯಲ್ಲ.

ಜನರೇಟರ್ ಇರುವ ಕಟ್ಟಡಗಳಿಗೆ, ಮತ್ತು ತ್ರೀ ಫೇಸ್ ಸಂಪರ್ಕದಲ್ಲಿ ಸಿಂಗಲ್ ಫೇಸ್ ಯಂತ್ರಗಳನ್ನು ಹಂಚಿ ಹಾಕಿದ ಕಡೆಗಳಿಗೆ ಒಂದು ಮಾತು. ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಕಡಿಮೆ ಹೊರೆಯಿರುವ ಫೇಸಿನ ವೋಲ್ಟೇಜು 230ನ್ನು ದಾಟಿ 400ರ ಹತ್ತಿರಕ್ಕೂ ಜಿಗಿಯಬಹುದು. ಹೆಚ್ಚು ಹಾಗೂ ಕಡಿಮೆ ವೋಲ್ಟೇಜಿನಲ್ಲಿ ಸಂಪರ್ಕ ಕಡಿಯುವ ಸಾಧನವೊಂದು ಬೋರ್ಡಿನಲ್ಲಿದ್ದರೆ ಯಂತ್ರಗಳೊಳಗಿನ ದುಬಾರಿ ಎಲೆಕ್ಟ್ರಾನಿಕ್ ಬೋರ್ಡುಗಳು ಉಳಿಯುತ್ತವೆ.

ಔಟ್‌ಡೋರ್ ಯೂನಿಟ್ಟನ್ನು ಚಿತ್ರದುರ್ಗದಂಥ ಗಾಳಿಯ ಊರಿನಲ್ಲಿ ಕೂರಿಸುವಾಗ ಅದರ ಫ್ಯಾನು ಆಷಾಢದ ಪಡುವಣ ಗಾಳಿಗೆ ಎದುರಾಗದಂತೆ ತಿರುಗಿಸಿ, ಕಾಲುಗಳನ್ನು ಬೋಲ್ಟಿನಿಂದ ಬಿಗಿಯಬೇಕು. ಬಿಚ್ಚಿ ಬೇರೆಡೆಗೆ ಒಯ್ಯುವ ದಿನ ಬಂದಾಗ ಗ್ಯಾಸನ್ನು ಔಟ್‌ಡೋರಿಗೆ ಎಳೆದುಕೊಳ್ಳುವ ಕೆಲಸದಲ್ಲಿ, ಕಂಪ್ರೆಸರ್ ನಿಂತ ಮೇಲಷ್ಟೇ ಪೈಪಿನ ನಟ್ ಸಡಿಲಿಸಬೇಕು. ಓಡುತ್ತಿರುವ ಕಂಪ್ರೆಸರ್ ಹೊರಗಿನ ಗಾಳಿಯನ್ನು ಹೀರಿ ಎಣ್ಣೆಯೊಡನೆ ಒತ್ತಿದರೆ ಒಡೆದು ಸಿಡಿಯುವ ಅಪಾಯವಿದೆ.

ವಿದ್ಯುತ್ ಕೊಡುವ ಮುನ್ನ ಎಲೆಕ್ಟ್ರಾನಿಕ್ ಬೋರ್ಡನ್ನು ಬೇರ್ಪಡಿಸಿ 500 ವೋಲ್ಟಿನ ಮೆಗ್ಗರಿನಿಂದ ವೈರಿಂಗ್‌ನ ಇನ್ಸುಲೇಷನ್ ಅಳೆಯಬೇಕು. ಅದು ಒಂದು ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಕಾರಣ ಸಿಗುವವರೆಗೆ ಎಂಸಿಬಿ ಎತ್ತಬಾರದು. ಯಂತ್ರ ಓಡಲು ತೊಡಗಿ ಅರ್ಧ ಗಂಟೆಯಾದ ಮೇಲೆ ಕ್ಲ್ಯಾಂಪ್ ಮೀಟರಿನಿಂದ ಕರೆಂಟನ್ನು ಅಳೆದು, ಅದನ್ನು ಯಂತ್ರದ ಫಲಕದ ಅಂಕಿಯೊಡನೆ ಹೋಲಿಸಿ, ಆರ್‌ಸಿಸಿಬಿಯ ‘ಟಿ’ ಗುಂಡಿಯನ್ನು ಒತ್ತಿ ಅದು ಬೀಳುವುದನ್ನು ನೋಡಬೇಕು. ಆ ಗುಂಡಿಯನ್ನು ಆಮೇಲೆಯೂ ಕೆಲವು ತಿಂಗಳುಗಳಿಗೊಮ್ಮೆ ಒತ್ತುವ ಅಭ್ಯಾಸವಿರಲಿ.

ಇಷ್ಟಾದ ಮೇಲೆ, ಜಿಪ್ಸಮ್ ಹಲಗೆ ಏರುವ ಮೊದಲು, ಮೊಬೈಲಿನಲ್ಲಿ ಮೇಲಿನ ನಾಲ್ಕು ರಾಡ್‌ಗಳ, ಡ್ರೈನ್ ಪೈಪಿನ ಇಡೀ ದಾರಿಯ, ತೆರೆದಿಟ್ಟ ಟರ್ಮಿನಲ್ ಪೆಟ್ಟಿಗೆಯ ಚಿತ್ರಗಳನ್ನು ಅಳತೆಯ ಟೇಪು ಕಾಣುವಂತೆ ತೆಗೆದಿಟ್ಟುಕೊಳ್ಳಿ. ಪಂಪೂ ವಿದ್ಯುತ್ ಪೆಟ್ಟಿಗೆಯೂ ಇರುವ ಮಗ್ಗುಲಿಗೆ ಸೀಲಿಂಗ್‌ನಲ್ಲಿ 45 ಸೆಂ.ಮೀ. ಚೌಕದ ಒಂದು ಬಾಗಿಲು ಬಿಡಿಸಿ. ಸೀಲಿಂಗ್‌ನವರು ಅಂದ ಕೆಡುತ್ತದೆ ಎನ್ನುತ್ತಾರೆ. ಜೂನ್‌ನ ಮೊದಲ ಮಳೆ ಬಿದ್ದ ವಾರ ಆ ಬಾಗಿಲು ತೆಗೆದು, ಟಾರ್ಚು ಹಿಡಿದು, ತಟ್ಟೆಯ ಅಂಚನ್ನೂ ಪೈಪಿನ ಹೊದಿಕೆಯನ್ನೂ ಒಮ್ಮೆ ಮುಟ್ಟಿ ನೋಡಿ.